ಹೂಂಗುಟ್ಟದಿದ್ದರೆ ಮಾತು ನಿಲ್ಲಿಸುವ ಕಾರು

ನಮ್ಮ ಹಳೆಯ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಾಗ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಸ್ಟೀರಿಂಗ್ ಕೆಳಗೆ ಬಗ್ಗಿ ಸ್ಕ್ಯಾನರಿನ ವೈರು ಸಿಕ್ಕಿಸಿದರು. 'ತಡೀರಿ ಸಾರ್, ಇನ್ನೂ ಕನೆಕ್ಟ್ ಆಗ್ತಿದೆ' ಎಂದರು. ಆ ಕಾಯುವಿಕೆಯಲ್ಲಿ ಏನು ನಡೆಯುತ್ತದೆಂದು ಓದುತ್ತ ಹೋದವನು ಲಾಸ್ ಏಂಜಲಿಸ್‌ನ ಹೊಗೆಗೆ ಬಂದು ಮುಟ್ಟಿದೆ.

1943ರ ಜುಲೈನಲ್ಲಿ ಆ ಊರಿನ ಜನಕ್ಕೆ ಕಣ್ಣುರಿ, ಗಂಟಲುರಿ. ಯುದ್ಧದ ಕಾಲ, ಜಪಾನಿನವರು ವಿಷಾನಿಲ ಬಿಟ್ಟರೆಂದೇ ಕೆಲವರು ಹೆದರಿದರು. ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ನಿಜ ಹೇಳಿದರು: ಕಾರುಗಳ ಹೊಗೆ ಬಿಸಿಲಿಗೆ ಸಿಕ್ಕಿ ಈ ವಿಷವಾಗುತ್ತಿದೆ. ಮುಂದೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು.

ಆದರೆ ಹೊಸದಾಗಿ ಶುದ್ಧವಾಗಿದ್ದ ಕಾರು ಐದು ವರ್ಷದ ಮೇಲೂ ಹಾಗೇ ಇರುತ್ತದೆಯೆ? ಕಾರೇ ತನ್ನನ್ನು ಗಮನಿಸಿಕೊಳ್ಳಲಿ, ಕೆಟ್ಟರೆ ದೀಪ ಹಚ್ಚಲಿ ಎಂದು ಆ ಮಂಡಳಿ 1988ರ ಮಾದರಿಗಳಿಂದ ಕಡ್ಡಾಯ ಮಾಡಿತು. ತೊಡಕೆಂದರೆ ಒಂದೊಂದು ಕಂಪನಿಗೆ ಒಂದೊಂದು ಭಾಷೆ, ಒಂದೊಂದು ಪ್ಲಗ್ಗು. ಕೆಲವು ಕಾರುಗಳಲ್ಲಿ ಎರಡು ಪಿನ್ನುಗಳಿಗೆ ತಂತಿ ಜೋಡಿಸಿ, ದೀಪ ಎಷ್ಟು ಸಲ ಮಿಟುಕಿತೆಂದು ಎಣಿಸಬೇಕಿತ್ತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಹದಿನಾರು ಪಿನ್ನಿನ ಕನೆಕ್ಟರ್ ಬಂತು. ಪಿ0301 ಎಂದರೆ ಯಾವ ಕಂಪನಿಯ ಕಾರಾದರೂ ಮೊದಲ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದೇ ಅರ್ಥ.

ನನಗೆ ಬಹಳ ಹಿಡಿಸಿದ್ದು ಆ ಕಾಲದ ಹಲವು ಕಾರುಗಳಲ್ಲಿದ್ದ ಮಾತಿನ ಶಿಷ್ಟಾಚಾರ. ಸ್ಕ್ಯಾನರ್ ಮೊದಲು 33 ಎಂಬ ವಿಳಾಸವನ್ನು ಸೆಕೆಂಡಿಗೆ ಐದೇ ಬಿಟ್‌ನಂತೆ ಕಳಿಸುತ್ತದೆ. ಇದೊಂದಕ್ಕೇ ಎರಡು ಸೆಕೆಂಡು. ಕಾರು 55 ಎನ್ನುತ್ತದೆ, ಹಿಂದೆಯೇ ಎರಡು ಗುರುತಿನ ಸಂಖ್ಯೆ. ಅವುಗಳಲ್ಲಿ ಎರಡನೆಯದರ ಸೊನ್ನೆ ಒಂದುಗಳನ್ನು ಅದಲುಬದಲು ಮಾಡಿ ಸ್ಕ್ಯಾನರ್ ಮರಳಿಸುತ್ತದೆ. ಕಾರು 33ನ್ನು ಹಾಗೆಯೇ ತಿರುಗಿಸಿ ಒಪ್ಪಿಗೆ ಕೊಡುತ್ತದೆ. ಅಲ್ಲಿಂದ ಮುಂದೆ ಸೆಕೆಂಡಿಗೆ 10,400 ಬಿಟ್ ವೇಗದ ಮಾತುಕತೆ. ಐದು ಸೆಕೆಂಡು ಸುಮ್ಮನಿದ್ದರೆ ಸಂಪರ್ಕ ಕಡಿಯುತ್ತದೆ, ಮತ್ತೆ ಮೊದಲಿಂದ ಶುರು. ಅದಕ್ಕೇ ಕೇಳುವುದು ಏನೂ ಇಲ್ಲದಾಗಲೂ ಸ್ಕ್ಯಾನರ್ 'ಇದ್ದೇನೆ' ಎಂಬಂಥ ಸಂದೇಶ ಕಳಿಸುತ್ತಿರಬೇಕು. ಹೂಂಗುಟ್ಟದಿದ್ದರೆ ನಮ್ಮಜ್ಜಿಯೂ ಕತೆ ನಿಲ್ಲಿಸುತ್ತಿದ್ದಳು.

ಅಮೆರಿಕದಲ್ಲಿ 2008ರಿಂದ ಎಲ್ಲ ಹೊಸ ಕಾರುಗಳಿಗೂ ಕ್ಯಾನ್ ಎಂಬ ವೇಗದ ಜಾಲ ಕಡ್ಡಾಯವಾಯಿತು, ಈ ನಿಧಾನದ ನಮಸ್ಕಾರ ಹೋಯಿತು. ಜಗಳ ಹೋಗಲಿಲ್ಲ. ಹೊಗೆ ಅಳೆಯಲು ತೆರೆದ ಬಾಗಿಲಿನಿಂದ ಬೀದಿ ಬದಿಯ ಮೆಕ್ಯಾನಿಕ್ಕೂ ಒಳಗೆ ಬಂದಿದ್ದರು. ಈಗ ಕಾರುಗಳು ಆ ಪ್ಲಗ್ಗನ್ನು ಬಿಟ್ಟು, ಮೊಬೈಲ್ ಜಾಲದಲ್ಲಿ ನೇರವಾಗಿ ಕಂಪನಿಯೊಡನೆಯೇ ಮಾತಾಡತೊಡಗಿವೆ. ಆ ಮಾಹಿತಿ ಮಾಲೀಕನಿಗೂ ಅವನು ನಂಬಿದ ಗ್ಯಾರೇಜಿಗೂ ಸಿಗಬೇಕೆಂದು ಮ್ಯಾಸಚೂಸೆಟ್ಸ್‌ನ ಮತದಾರರು 2020ರಲ್ಲಿ ತೀರ್ಪು ಕೊಟ್ಟರು. ಕಾರು ಕಂಪನಿಗಳು ಕೋರ್ಟಿಗೆ ಹೋದವು. ನನ್ನ ಮಟ್ಟಿಗೆ ಮತದಾರರದೇ ಸರಿ.

ಅಂದು ಗ್ಯಾರೇಜಿನಲ್ಲಿ ಪರದೆಯ ಮೇಲೆ ಕೊನೆಗೂ ಪಿ0135 ಮೂಡಿತು. 'ಆಕ್ಸಿಜನ್ ಸೆನ್ಸರಿನ ಹೀಟರ್ ಸಾರ್' ಎಂದ ಮೆಕ್ಯಾನಿಕ್ ಆಗ ಬಾನೆಟ್ ಎತ್ತಿದರು.