ರಾಗಿಯ ಹಗೇವೂ ಗರಡಿಯ ಕೆಮ್ಮಣ್ಣೂ

ಮಗುವಿಗೆ ಏನನ್ನು ಉಣಿಸಬೇಕು, ಎಷ್ಟು ಉಣಿಸಬೇಕು, ಉಂಡ ಅನ್ನವು ಮೈಗೆ ಹಿತವಾಗಿ ಹತ್ತುವಂತೆ ಮಗುವನ್ನು ಯಾವ ಶ್ರಮಕ್ಕೆ ಒಡ್ಡಬೇಕು ಎಂಬ ಪ್ರಶ್ನೆಗಳು ಇಂದಿನ ಗೃಹಸ್ಥರ ಮನಸ್ಸನ್ನು ಬಾಧಿಸುತ್ತಿವೆ. ಹಳೆಯ ಮೈಸೂರು ಸೀಮೆಯಲ್ಲಾದರೋ ಇವುಗಳಿಗೆ ಉತ್ತರವನ್ನು ತಂದೆತಾಯಿಗಳಿಗಿಂತ ಮುಂಚಿತವಾಗಿ ಮಳೆಯೂ ಹೊಲವೂ ಮನೆಗೆಲಸವೂ ಹೇಳಿಬಿಡುತ್ತಿದ್ದವು.

ಕಾವೇರಿಯ ನೀರು ಮುಟ್ಟದ ಬೆದ್ದಲು ನಾಡಿನಲ್ಲಿ, ನೆಲದಡಿಯ ಕಣಜವಾದ ಹಗೇವಿನೊಳಗೆ ವರ್ಷಾಂತರಗಳವರೆಗೆ ಕೆಡದೆ ಉಳಿಯುವ ರಾಗಿಯೇ ಜೀವಾಧಾರವಾಗಿತ್ತು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ-ರಾಗಿಗಳ ವ್ಯಾಜ್ಯವನ್ನು ಶ್ರೀರಾಮನ ಸನ್ನಿಧಿಗೆ ಒಯ್ದು, ಆರು ತಿಂಗಳ ಸೆರೆಯ ಬಳಿಕವೂ ಸತ್ತ್ವಗುಂದದ ರಾಗಿಗೆ ಗೆಲುವನ್ನು ಕೊಡಿಸಿದುದು ಈ ನೆಲದ ಅನುಭವಕ್ಕೆ ಸಲ್ಲಿಸಿದ ಗೌರವವೇ ಸರಿ. ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮಜ್ಜಿಗೆ, ಇವು ನಿತ್ಯದ ಆಹಾರ. ಸಿಹಿ ಹಬ್ಬದ ದಿನದ ಅತಿಥಿ. ದನ ಮೇಯಿಸುವ ಹುಡುಗನಿಗೂ, ನೀರು ಹೊತ್ತು ಕಲ್ಲು ಬೀಸಿ ಒನಕೆ ಹಿಡಿಯುವ ಹುಡುಗಿಗೂ ಬೇರೆ ವ್ಯಾಯಾಮ ಬೇಕಿರಲಿಲ್ಲ.

ಆದರೆ ವ್ಯಾಯಾಮವನ್ನೇ ಉದ್ದೇಶಪೂರ್ವಕವಾಗಿ ವಿಧಿಸಿದ ಒಂದು ಸಂಸ್ಥೆ ಇತ್ತು, ಅದು ಗರಡಿಮನೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರವನ್ನೂ ಅಭ್ಯಾಸಕ್ರಮವನ್ನೂ ಒಟ್ಟೊಟ್ಟಿಗೆ ನಿರೂಪಿಸಿರುವನು, ಉಣಿಸೂ ದೇಹದಂಡನೆಯೂ ಒಂದೇ ಶಾಸ್ತ್ರದ ಎರಡು ಅಂಗಗಳೆಂಬ ಆ ತಿಳಿವಳಿಕೆ ಮೈಸೂರಿನ ಮೊಹಲ್ಲಾಗಳ ಗರಡಿಗಳಲ್ಲಿಯೂ ಬಾಳಿತ್ತು. ನಸುಕಿನಲ್ಲಿಯೇ ಎದ್ದ ಬಾಲಕನು ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣಿನ ಮಟ್ಟಿಗಿಳಿದು, ಉಸ್ತಾದನ ಕಣ್ಣೆದುರಿನಲ್ಲಿ ದಂಡ ಬಸ್ಕಿಗಳನ್ನು ಹೊಡೆದು, ಗದೆಯನ್ನು ತಿರುಗಿಸಿ, ಬೆವರಾರಿದ ಮೇಲೆಯೇ ನೆನೆಸಿದ ಕಡಲೆಯನ್ನೂ ಹಾಲನ್ನೂ ಸೇವಿಸತಕ್ಕದ್ದು. ಉಳ್ಳವರ ಮನೆಯಲ್ಲಿ ಇದಕ್ಕೆ ಬಾದಾಮಿ, ತುಪ್ಪ, ಮಾಂಸಗಳು ಕೂಡುತ್ತಿದ್ದವು. ಇಷ್ಟು ಪುಷ್ಟಿಯಾದ ಆಹಾರವು ಅಪಾಯಕರವಾಗದೆ ಇದ್ದುದು ಅದರ ಹಿಂದಿದ್ದ ಬೆವರಿನಿಂದ. ಮಟ್ಟಿಯನ್ನು ಬಿಟ್ಟು ಊಟವನ್ನು ಮಾತ್ರ ಉಳಿಸಿಕೊಂಡವನ ಮೈ ಬೇಗನೆ ಸಡಿಲಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆಯದೆ ಹೋದುದು ಆ ವ್ಯವಸ್ಥೆಯ ದೊಡ್ಡ ಅನ್ಯಾಯ.

ಗತಕಾಲವನ್ನು ಇಷ್ಟು ಹೊಗಳುವಾಗ ಅದರ ಹಸಿವನ್ನು ಮರೆಯಲಾಗದು. ಧಾತು-ಈಶ್ವರ ಸಂವತ್ಸರಗಳ ಭೀಕರ ಕ್ಷಾಮದ ಫಲವಾಗಿ, 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಎಲುಬು ಕಾಣುವ ಮಕ್ಕಳನ್ನು ಮಣ್ಣಿಗಿಟ್ಟ ತಲೆಮಾರಿನ ಅಜ್ಜಿಯರು ಮೈಕೈ ತುಂಬಿಕೊಂಡ ಮೊಮ್ಮಗುವನ್ನು ಕಂಡು ದೃಷ್ಟಿ ತೆಗೆದುದೂ, ಸಾಕೆಂದರೂ ಬಿಡದೆ ಇನ್ನೊಂದು ತುತ್ತನ್ನು ಬಾಯಿಗಿಟ್ಟುದೂ ಸಹಜವೇ ಆಗಿತ್ತು. ನಮ್ಮ ಮನೆಗಳಲ್ಲಿ ಸ್ಥೂಲತೆಯೇ ಆರೋಗ್ಯವೆಂಬ ಭಾವನೆ ಇಷ್ಟು ಆಳವಾಗಿ ಬೇರೂರಿರುವುದಕ್ಕೆ ಈ ಭಯವೇ ಬಲವಾದ ಕಾರಣವೆಂದು ನಾನು ನಂಬುತ್ತೇನೆ.

ಬಳಿಕ ನೆಲವೇ ಬದಲಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯಿಂದ ಮಂಡ್ಯದ ಬೆದ್ದಲುಗಳಿಗೆ ನೀರು ಹರಿದು, ರಾಗಿಯಿದ್ದೆಡೆ ಭತ್ತವೂ ಕಬ್ಬೂ ಬಂದವು. 1933ರಲ್ಲಿ ಅಲ್ಲಿಯೇ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಅನ್ನ ದೊರೆತುದು ಪುಣ್ಯವೇ. ಆದರೆ ಗಿರಣಿಯು ಒನಕೆಯನ್ನೂ ನಲ್ಲಿಯು ಕೊಡವನ್ನೂ ಬಿಡಿಸಿತು, ಸಿಹಿಯು ಹಬ್ಬಕ್ಕಾಗಿ ಕಾಯುವುದನ್ನು ಬಿಟ್ಟಿತು, ಗರಡಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣವು 2015-16ರಲ್ಲಿ ಶೇಕಡ 2.1 ಇದ್ದುದು 2019-21ರಲ್ಲಿ 3.4ಕ್ಕೆ ಏರಿದೆ.

ಹೊಲವೂ ಬಾವಿಯೂ ಮಾಡುತ್ತಿದ್ದ ನಿರ್ಣಯವು ಈಗ ಅಡುಗೆಮನೆಯ ಪಾಲಿಗೆ ಬಂದಿದೆ. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಮಗು ಸಾಕೆಂದಾಗ ತಟ್ಟೆಯಿಂದ ಕೈ ಹಿಂದೆಗೆಯಿರಿ, ದಿನಕ್ಕೊಂದು ಗಂಟೆಯಾದರೂ ಅದನ್ನು ಬಯಲಿಗೆ ಬಿಡಿರಿ, ಮತ್ತು ನಿಮ್ಮ ಮೊಹಲ್ಲಾದಲ್ಲಿ ಗರಡಿಯೊಂದು ಇನ್ನೂ ಉಳಿದಿದ್ದರೆ ಅದರ ಬಾಗಿಲನ್ನು ಹೆಣ್ಣುಮಕ್ಕಳಿಗೂ ತೆರೆಯಿಸಿರಿ.