ಜವಾರಿ ಟೊಮ್ಯಾಟೊದ ರುಚಿ ಎಲ್ಲಿ ಹೋಯಿತು?

ಬಚ್ಚಲ ನೀರಿಗೆ ಹಿತ್ತಲಲ್ಲಿ ತಾನೇ ಹುಟ್ಟಿದ ಜವಾರಿ ಟೊಮ್ಯಾಟೊ ಎರಡು ಹಾಕಿದರೆ ಸಾಕು, ಸಾರಿಗೆ ರುಚಿ ಬರುತ್ತದೆ. ಪೇಟೆಯಿಂದ ತಂದ ದಪ್ಪ ಸಿಪ್ಪೆಯ ಹಣ್ಣು ನಾಲ್ಕು ಹಾಕಿದರೂ ಸಪ್ಪೆ. ಯಾಕೆ?

ಟೊಮ್ಯಾಟೊ ಅಮೆರಿಕ ಖಂಡದ ಬೆಳೆ. ಭಾರತಕ್ಕೆ ತಂದವರು ಪೋರ್ಚುಗೀಸರು. 20ನೇ ಶತಮಾನದಲ್ಲಿ ತಳಿ ತಯಾರಿಸುವವರು ಒಂದೇ ಸಮ ಕೆಂಪಾಗುವ, ಲಾರಿಯಲ್ಲಿ ಒಡೆಯದ ಹಣ್ಣನ್ನೇ ಆರಿಸಿದರು. ಕಾಯಿಯ ತೊಟ್ಟಿನ ಸುತ್ತ ಇರುತ್ತಿದ್ದ ಕಡುಹಸಿರು ಮಾಯವಾಯಿತು. ಸಕ್ಕರೆ ಕೂಡಿಸಲು ಆ ಹಸಿರೇ ನೆರವಾಗುತ್ತಿತ್ತು ಎಂದು ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ದೂರದ ಪೇಟೆಗೆಂದು ಪೂರ್ತಿ ಹಣ್ಣಾಗುವ ಮೊದಲೇ ಕೀಳುವುದರಿಂದ ರುಚಿ ಇನ್ನಷ್ಟು ಇಳಿಯಿತು.

1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಂಪನಿ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮ್ಯಾಟೊ ತಂದಿತು. ಮುಂದೆ ಕೊಪ್ಪಳ, ಕುಷ್ಟಗಿ ಹೊಲಗಳಲ್ಲೂ ಕಂಪನಿಗಳಿಗೆ ಬೀಜ ಮಾಡುವ ಕೆಲಸ ಬಂತು. ಹೆಣ್ಣುಮಕ್ಕಳು ಒಂದೊಂದೇ ಹೂವಿನ ಗಂಡು ಭಾಗ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸುತ್ತಾರೆ. ಕೂಲಿ ಸಿಕ್ಕಿತು, ಇಳುವರಿಯೂ ಹೆಚ್ಚಿತು. ಆದರೆ ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಹಣ್ಣು ಬರುವುದಿಲ್ಲ. ಮತ್ತೆ ಪಾಕೀಟೇ ಕೊಳ್ಳಬೇಕು.

ಜವಾರಿ ಬೀಜ ಹಾಗಲ್ಲ. ಚೆನ್ನಾಗಿ ಮಾಗಿದ ಹಣ್ಣು ಹಿಂಡಿ, ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡಿ. ಹಿತ್ತಲಲ್ಲಿ ಒಂದೇ ಗಿಡ ಉಳಿದಿದ್ದರೂ ಸಾಕು, ಅದು ಒಣಗುವ ಮೊದಲು ಈ ಕೆಲಸ ಆಗಲಿ.