ಲ್ಯಾಪ್‌ಟಾಪಿಗೆ ಬಂದ ಜ್ವರ

ಕಳೆದ ಏಪ್ರಿಲಿನಲ್ಲಿ ಕನ್ಯಾನದ ಅಕ್ಕನ ಮನೆಗೆ ಹೋದಾಗ ಅವಳ ಮಗ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದ. ಮೂರು ವರ್ಷದ ಹಿಂದೆ ಕಂತಿನಲ್ಲಿ ತೆಗೆದುಕೊಂಡ ಗೇಮಿಂಗ್ ಲ್ಯಾಪ್‌ಟಾಪು ಕೈಕೊಟ್ಟಿತ್ತು. ಆಟ ಬಿಡಿ, ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿ ಅವನು ನಾಲ್ಕು ಕಾಸು ನೋಡುವುದೂ ಅದರಲ್ಲೇ. ಐದು ನಿಮಿಷ ಸರಿಯಾಗಿ ಓಡುತ್ತದೆ, ಆಮೇಲೆ ಫ್ಯಾನು ಅಕ್ಕಿ ಮಿಲ್ಲಿನ ಹಾಗೆ ಬೊಬ್ಬೆ ಹಾಕುತ್ತದೆ, ಕೆಲಸ ಮಾತ್ರ ಎತ್ತಿನಗಾಡಿ. ಪೇಟೆಯಲ್ಲಿ ರಿಪೇರಿಯವರು ನೋಡಿ "ಬೋರ್ಡೇ ಹೋಗಿದೆ" ಅಂದರಂತೆ. ಅವರು ಹೇಳಿದ ರೇಟು ಕೇಳಿ ಅಕ್ಕ, "ಗುಜರಿಗೆ ಹಾಕು ಅದನ್ನು" ಅಂದುಬಿಟ್ಟಿದ್ದಳು. ಎದುರಿಗೆ ಮೇ ತಿಂಗಳ ಮದುವೆ ಸೀಸನ್.

ನಾನು ವೇಗ ಮತ್ತು ಉಷ್ಣತೆ ಎರಡನ್ನೂ ತೋರಿಸುವ ಒಂದು ಉಚಿತ ತಂತ್ರಾಂಶ ಹಾಕಿ, ಅವನ ಒಂದು ವಿಡಿಯೋ ಓಡಿಸಿ ನೋಡಿದೆ. ಶುರುವಿನಲ್ಲಿ ಪ್ರೊಸೆಸರಿನ ವೇಗ 4 ಗಿಗಾಹರ್ಟ್ಸ್, ಉಷ್ಣತೆ 70 ಡಿಗ್ರಿ. ಐದು ನಿಮಿಷಕ್ಕೆ 98 ಡಿಗ್ರಿ. ಅಲ್ಲಿಂದ ವೇಗ ಸರಸರ ಇಳಿದು ಒಂದೂವರೆಗೆ ಬಂತು, ಉಷ್ಣತೆ 90ರ ಆಸುಪಾಸಿನಲ್ಲಿ ನಿಂತಿತು. ತಣಿದ ಕೂಡಲೇ ವೇಗ ಮತ್ತೆ ಮೇಲೆ. ಹಾಳಾದ ಬೋರ್ಡು ಇಷ್ಟು ಲೆಕ್ಕಾಚಾರದಲ್ಲಿ ನಡೆದುಕೊಳ್ಳುವುದುಂಟೇ? ಇದಕ್ಕೆ ಥ್ರಾಟಲಿಂಗ್ ಅನ್ನುತ್ತಾರೆ. ಸುಟ್ಟುಹೋಗುವುದಕ್ಕಿಂತ ನಿಧಾನವಾಗುವುದು ವಾಸಿ ಅಂತ ಯಂತ್ರವೇ ತೀರ್ಮಾನಿಸುವ ಉಪಾಯ. ಈ ಬುದ್ಧಿ ಅದಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು.

ಕಂಪ್ಯೂಟರಿಗೂ ಬಿಸಿಗೂ ಹುಟ್ಟಿನಿಂದಲೇ ನಂಟು. 1946ರಲ್ಲಿ ಅಮೆರಿಕದಲ್ಲಿ ಜನರ ಮುಂದೆ ಬಂದ ಎನಿಯಾಕ್‌ನಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ತಿನ್ನುತ್ತಿದ್ದ ವಿದ್ಯುತ್ತು 150 ಕಿಲೋವ್ಯಾಟ್‌ನಷ್ಟು, ಅದೆಲ್ಲ ಕೊನೆಗೆ ಬಿಸಿಯೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಶುರುಮಾಡಿದ ಟಿಫ್ರಾಕ್‌ನಲ್ಲೂ 2,700 ಕೊಳವೆಗಳು ಉರಿಯುತ್ತಿದ್ದವು. ಟ್ರಾನ್ಸಿಸ್ಟರು ಬಂದು ಈ ಒಲೆಯನ್ನು ಆರಿಸಿತು. 1971ರ ಇಂಟೆಲ್ 4004 ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದರೂ ಅದಕ್ಕೆ ಫ್ಯಾನು ಬೇಕಿರಲಿಲ್ಲ.

1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಸೂತ್ರ ಕೊಟ್ಟರು. ಟ್ರಾನ್ಸಿಸ್ಟರನ್ನು ಸಣ್ಣದು ಮಾಡುವಾಗ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸಿದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರು ತುಂಬಿ ಹೆಚ್ಚು ವೇಗವಾಗಿ ಓಡಿಸಿದರೂ ಬಿಸಿ ಏರುವುದಿಲ್ಲ. ಮೂವತ್ತು ವರ್ಷ ಉದ್ಯಮ ಇದೇ ಸೂತ್ರವನ್ನು ನೆಚ್ಚಿಕೊಂಡು ಬೆಳೆಯಿತು. ಆದರೆ ವೇಗದ ಆಸೆಗೆ ವೋಲ್ಟೇಜನ್ನು ಹೇಳಿದಷ್ಟು ಇಳಿಸಲಿಲ್ಲ, 90ರ ದಶಕದಲ್ಲಿ ಪ್ರೊಸೆಸರುಗಳ ತಲೆ ಮೇಲೆ ಫ್ಯಾನು ಕೂತಿತು.

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಒಂದು ಪರೀಕ್ಷೆಯ ವಿಡಿಯೋ ಮಾಡಿದರು. ಓಡುತ್ತಿರುವ ಪ್ರೊಸೆಸರುಗಳ ಮೇಲಿನ ಹೀಟ್‌ಸಿಂಕನ್ನೇ ಕಿತ್ತು ತೆಗೆದರು. ಎಎಂಡಿಯ ಅಥ್ಲಾನ್ ಹೊಗೆಯೆಬ್ಬಿಸಿ ಸತ್ತಿತು. ಪೆಂಟಿಯಂ 4 ಮಾತ್ರ ಆಮೆಯ ಹಾಗೆ ತೆವಳುತ್ತಾ ಬದುಕಿ ಉಳಿಯಿತು. ನಮ್ಮ ಹುಡುಗ ಬೈಯುತ್ತಿದ್ದದ್ದು ಇದೇ ಆಮೆನಡಿಗೆಗೆ.

ಆದರೆ ಪೆಂಟಿಯಂ 4ರ ಗ್ರಹಚಾರವೂ ನೆಟ್ಟಗಿರಲಿಲ್ಲ. ಟ್ರಾನ್ಸಿಸ್ಟರುಗಳು ತೀರಾ ಸಣ್ಣದಾದ ಮೇಲೆ, ಸುಮ್ಮನೆ ಕೂತಾಗಲೂ ವಿದ್ಯುತ್ತು ಸೋರತೊಡಗಿತು. ವೋಲ್ಟೇಜನ್ನು ಇನ್ನು ಇಳಿಸುವಂತಿಲ್ಲ, ಡೆನಾರ್ಡ್ ಸೂತ್ರ ಕೈಬಿಟ್ಟಿತು. 2004ರ ಅಕ್ಟೋಬರಿನಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ ಮಾಡುವ ಯೋಜನೆಯನ್ನೇ ರದ್ದು ಮಾಡಿತು. ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮಾವೇಶದ ವೇದಿಕೆಯಲ್ಲಿ ತಮಾಷೆಗೆ ಮಂಡಿಯೂರಿ ಕ್ಷಮೆ ಕೇಳಿದರು. ತಮಾಷೆಯೇ ಇರಬಹುದು, ಮಂಡಿಯೂರಿಸಿದ್ದು ಮಾತ್ರ ಬಿಸಿ.

ದಾರಿ ತೋರಿಸಿದ್ದು ಲ್ಯಾಪ್‌ಟಾಪು. ಇಸ್ರೇಲಿನ ಹೈಫಾದ ತಂಡ, ಬ್ಯಾಟರಿ ಉಳಿಸಲೆಂದೇ ತಣ್ಣಗೆ ಕೆಲಸ ಮಾಡುವ ಪೆಂಟಿಯಂ ಎಂ ಚಿಪ್ಪನ್ನು ರೂಪಿಸಿತ್ತು, ಅದು 2003ರಲ್ಲಿ ಬಂತು. ಆ ಸಂತಾನದಿಂದಲೇ 2006ರ ಕೋರ್ 2 ಹುಟ್ಟಿದ್ದು. ಒಬ್ಬನನ್ನೇ ಓಡಿಸಿ ಸುಸ್ತು ಮಾಡುವ ಬದಲು ನಾಲ್ಕು ಆಳುಗಳಿಗೆ ಕೆಲಸ ಹಂಚುವ ಕ್ರಮ ಆಗ ಗಟ್ಟಿಯಾಯಿತು. ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಉಂಟು. ಅಲ್ಲಿನ ಇಂಟೆಲ್ ತಂಡ 'ವೈಟ್‌ಫೀಲ್ಡ್' ಅಂತ ಊರಿನದೇ ಹೆಸರಿಟ್ಟು ನಾಲ್ಕು ಕೋರುಗಳ ಸರ್ವರ್ ಚಿಪ್ಪು ಮಾಡಹೊರಟಿತ್ತು, 2005ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಸೋತು ಕೂರದ ಬೆಂಗಳೂರು 2008ರ ಸೆಪ್ಟೆಂಬರಿನಲ್ಲಿ ಆರು ಕೋರುಗಳ, 190 ಕೋಟಿ ಟ್ರಾನ್ಸಿಸ್ಟರುಗಳ ಜಿಯಾನ್ 7400 ಕೊಟ್ಟಿತು.

ಈಗ ನಮ್ಮ ರೋಗಿಗೆ ಬರುವ. ಗೇಮಿಂಗ್ ಲ್ಯಾಪ್‌ಟಾಪೆಂದರೆ ಆ ಎಲ್ಲ ಕೋರುಗಳನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಎರಡು ಬೆರಳು ದಪ್ಪದ ಪೆಟ್ಟಿಗೆಗೆ ತುರುಕಿದ್ದು. ಬಿಸಿಯನ್ನು ಹೊರಗೆ ಸಾಗಿಸಲು ಅದರೊಳಗೆ ತಾಮ್ರದ ಹೀಟ್ ಪೈಪ್ ಇರುತ್ತದೆ. 1963ರಲ್ಲಿ ಲಾಸ್ ಅಲಮೋಸ್‌ನ ಜಾರ್ಜ್ ಗ್ರೋವರ್ ಬಾಹ್ಯಾಕಾಶದ ಕೆಲಸಕ್ಕೆಂದು ರೂಪಿಸಿದ ವಸ್ತು ಅದು. ನಮ್ಮ ಕಡುಬು ಬೇಯಿಸುವ ಅಟ್ಟಿನಳಗೆ ನೆನಪಿಸಿಕೊಳ್ಳಿ. ಅಡಿಯಲ್ಲಿ ನೀರು ಆವಿಯಾಗುತ್ತದೆ, ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಬಿಸಿ ಮುಚ್ಚಳಕ್ಕೆ ಸಾಗಿರುತ್ತದೆ. ಪೈಪಿನೊಳಗೂ ಅಷ್ಟೇ. ಆ ತುದಿಯಲ್ಲಿ ತೆಳು ತಗಡಿನ ರೆಕ್ಕೆಗಳು, ಅವಕ್ಕೆ ಗಾಳಿ ಊದುವ ಫ್ಯಾನು.

ಹಿಂದಿನ ಮುಚ್ಚಳ ಬಿಚ್ಚಿದೆವು. ಫ್ಯಾನು ಮೇಲ್ನೋಟಕ್ಕೆ ಸ್ವಚ್ಛ. ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ನೋಡಿದರೆ ಕಂಬಳಿ ತುಂಡಿನಂಥ ದೂಳಿನ ಪದರ! ಅಡಿಕೆ ಸುಲಿಯುವ ಚಾವಡಿಯ ಮೂಲೆಯೇ ಇವನ ಆಫೀಸು, ಕೂರುವುದು ಹಾಸಿಗೆ ಮೇಲೆ. ಪದರವನ್ನು ಚಿಮಟದಲ್ಲಿ ಎಳೆದು ತೆಗೆದೆವು. ಫ್ಯಾನು ತಿರುಗದಂತೆ ಹಿಡಿದು ಗಾಳಿ ಊದಿದೆವು. ಚಿಪ್ಪಿಗೂ ತಾಮ್ರಕ್ಕೂ ನಡುವಿನ ಪೇಸ್ಟು ಒಣಗಿ ಹಕ್ಕಳೆಯಾಗಿತ್ತು. ಸ್ಪಿರಿಟ್‌ನಲ್ಲಿ ಒರೆಸಿ ಹೊಸತು ಹಚ್ಚಿದೆವು. ಖರ್ಚು ಐನೂರು ರೂಪಾಯಿ ಒಳಗೆ.

"ಮಾವ, ಥ್ರಾಟಲಿಂಗ್ ಆಫ್ ಮಾಡ್ಲಿಕ್ಕೆ ಆಗುದಿಲ್ವಾ?" ಅಂತ ಕೇಳಿದ. ಅಥ್ಲಾನಿನ ಹೊಗೆಯ ಕಥೆ ಹೇಳಿದೆ. ಬೇಕಿದ್ದರೆ ಗರಿಷ್ಠ ವೇಗವನ್ನೇ ಸ್ವಲ್ಪ ಕೆಳಗೆ ಕಟ್ಟು, ಆಟದ ಫ್ರೇಮುಗಳಿಗೆ 60ರ ಮಿತಿ ಹಾಕು, ಹಿಂಬದಿಗೆ ಎರಡು ಮರದ ತುಂಡು ಇಟ್ಟು ಎತ್ತರಿಸು ಅಂದೆ. ವೇಗ ಏರಿಸಲು ವೋಲ್ಟೇಜೂ ಏರಬೇಕು, ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಹಾಗಾಗಿ ತುದಿಯ ಸ್ವಲ್ಪ ವೇಗ ಬಿಟ್ಟರೆ ಬಿಸಿ ತುಂಬಾ ಇಳಿಯುತ್ತದೆ.

ಅದೇ ವಿಡಿಯೋ ಮತ್ತೆ ಓಡಿಸಿದೆವು. ಅರ್ಧ ಗಂಟೆ ಕಳೆದರೂ ಉಷ್ಣತೆ 84, ವೇಗ ಮೂರೂವರೆ. ಬೋರ್ಡು ಹಳೆಯದೇ. ಮೇ ತಿಂಗಳಲ್ಲಿ ಅವನು ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ಅದರಲ್ಲೇ ಮುಗಿಸಿದ. ಜ್ವರಕ್ಕೆ ಕಾರಣ ಹುಡುಕದೆ ರೋಗಿಯನ್ನೇ ಬದಲಾಯಿಸಿ ಅನ್ನುವವರು ಸಿಕ್ಕಿದರೆ, ದುಡ್ಡು ಕೊಡುವ ಮೊದಲು ಒಮ್ಮೆ ಉಷ್ಣತೆ ನೋಡಿ.